ಒಂದು ಮೂಟೆ ಸಿಮೆಂಟಿಗೆ ಎಷ್ಟು ಗ್ರಾಂ ಹೊಗೆ? ನಮ್ಮ ಮಿತಿ, ಅವರ ಮಿತಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಶೈಲಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಮೈಸೂರಿನಿಂದ ಮಾತಾಡ್ತಿದ್ದೀನಿ.

ಇವತ್ತಿನ ವಿಷಯ ಸಿಮೆಂಟು. ‘ಅಯ್ಯೋ, ಸಿಮೆಂಟಾ?’ ಅಂತ ಸ್ಕಿಪ್ ಮಾಡೋಕೆ ಹೋಗಬೇಡಿ, ಒಂದೆರಡು ನಿಮಿಷ ಕೊಡಿ. ರಿಂಗ್ ರೋಡ್ ಆಚೆ ಯಾವ ಕಡೆ ಹೋದ್ರೂ ಹೊಸ ಲೇಔಟು, ಹೊಸ ಮನೆ, ಹೊಸ ಅಪಾರ್ಟ್‌ಮೆಂಟು. ಪ್ರತಿ ಸೈಟಿನ ಮುಂದೆ ಟಾರ್ಪಾಲು ಹೊದಿಸಿದ ಸಿಮೆಂಟ್ ಮೂಟೆಗಳ ರಾಶಿ. ಒಂದು ಮೂಟೆ ಅಂದ್ರೆ 50 ಕೆ.ಜಿ. ಬೆಲೆ ಎಷ್ಟು ಅಂತ ಮೇಸ್ತ್ರಿನ ಕೇಳಿದ್ರೆ ಪೈಸೆ ಸಮೇತ ಹೇಳ್ತಾರೆ. ಆದ್ರೆ ಆ ಒಂದು ಮೂಟೆ ತಯಾರಾಗುವಾಗ ಚಿಮಣಿಯಿಂದ ಗಾಳಿಗೆ ಎಷ್ಟು ದೂಳು, ಎಷ್ಟು ವಿಷಾನಿಲ ಹೋಗೋದಕ್ಕೆ ಕಾನೂನು ಅವಕಾಶ ಕೊಟ್ಟಿದೆ? ಅದೇ ಮೂಟೆ ಜರ್ಮನಿಯಲ್ಲೋ ಚೀನಾದಲ್ಲೋ ತಯಾರಾಗಿದ್ರೆ ಎಷ್ಟು ಹೋಗಬಹುದಿತ್ತು? ಇವತ್ತು ಈ ಲೆಕ್ಕ ಹಾಕೋಣ.

ಮನೆ ಇಲ್ಲಿ, ಹೊಗೆ ಅಲ್ಲಿ

ಮೈಸೂರು ಸುತ್ತಮುತ್ತ ಸಿಮೆಂಟಿನ ಸುಡುಗೂಡು ಇಲ್ಲ. ನಮ್ಮ ಕೆಆರ್‌ಎಸ್ ಅಣೆಕಟ್ಟನ್ನೇ ಸಿಮೆಂಟ್ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ ಸೇರಿಸಿ ಅರೆದ ಗಾರೆ ಅದು. ಈಗ ಕಾಲ ಬೇರೆ. ಕರ್ನಾಟಕದ ಸಿಮೆಂಟ್ ಸೀಮೆ ಅಂದ್ರೆ ಮುಖ್ಯವಾಗಿ ಕಲಬುರಗಿ ಜಿಲ್ಲೆ. ವಾಡಿ, ಶಹಾಬಾದ್, ಸೇಡಂ, ಮಳಖೇಡ, ಚಿತ್ತಾಪುರ. ಆಮೇಲೆ ಬಾಗಲಕೋಟೆ ಜಿಲ್ಲೆ. ಕಾರಣ ನೆಲದಡಿಯ ಸುಣ್ಣದ ಕಲ್ಲು. ಮನೆಗಳ ನೆಲಕ್ಕೆ ಹಾಸ್ತಿದ್ವಲ್ಲ ಶಹಾಬಾದ್ ಕಲ್ಲು, ಅದೇ ಭೀಮಾ ಸೀಮೆಯ ಕಲ್ಲು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಆ ಮಳಖೇಡದ ಪಕ್ಕದಲ್ಲೇ ಇವತ್ತು ದೊಡ್ಡ ಸಿಮೆಂಟ್ ಕಾರ್ಖಾನೆ ಇದೆ.

ಅದೇ ಜಿಲ್ಲೆಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಅಂದ್ರೆ ನಾವು ಬೆಳಗ್ಗೆ ಸಾಂಬಾರಿಗೆ ಹಾಕೋ ಬೇಳೆಯೂ ಅಲ್ಲಿಂದ, ಗೋಡೆಗೆ ಹಾಕೋ ಸಿಮೆಂಟೂ ಅಲ್ಲಿಂದ. ಗೋಡೆ ಇಲ್ಲಿ ಏಳತ್ತೆ, ಹೊಗೆ ಅಲ್ಲಿ ಉಳಿಯತ್ತೆ. ಹಾಗಾಗಿ ಮಿತಿ ಎಷ್ಟು ಅನ್ನೋದು ಮೈಸೂರಿನಲ್ಲಿ ಮನೆ ಕಟ್ಟೋರೂ ಕೇಳಬೇಕಾದ ಪ್ರಶ್ನೆ.

ಚಿಮಣಿಯಿಂದ ಏನು ಬರತ್ತೆ?

ಸಿಮೆಂಟ್ ಮಾಡೋ ವಿಧಾನ ಸರಳವಾಗಿ ಹೇಳ್ತೀನಿ. ಸುಣ್ಣದ ಕಲ್ಲು, ಸ್ವಲ್ಪ ಜೇಡಿಮಣ್ಣು ಸೇರಿಸಿ ನುಣ್ಣಗೆ ಅರೀತಾರೆ. ಅದನ್ನ ಉದ್ದನೆಯ, ತಿರುಗೋ ಗೂಡಿನಲ್ಲಿ ಸುಮಾರು 1,450 ಡಿಗ್ರಿವರೆಗೆ ಸುಡ್ತಾರೆ. ಒಳಗಿನ ಜ್ವಾಲೆ ಇನ್ನೂ ಬಿಸಿ, 2,000 ಡಿಗ್ರಿ ಹತ್ತಿರ. ಸುಟ್ಟ ಮೇಲೆ ಗೋಲಿ ಗೋಲಿಯಾಗಿ ಬರೋದೇ ಕ್ಲಿಂಕರ್. ಅದಕ್ಕೆ ಜಿಪ್ಸಮ್ ಸೇರಿಸಿ ಅರೆದ್ರೆ ಸಿಮೆಂಟ್.

ಹೊರಗೆ ಬರೋದ್ರಲ್ಲಿ ಮೂರು ಮುಖ್ಯ. ಒಂದು, ದೂಳು. ಎರಡು, ನೈಟ್ರೋಜನ್ ಆಕ್ಸೈಡುಗಳು, ಉದ್ಯಮದವರು ನಾಕ್ಸ್ ಅಂತಾರೆ. ಗೂಡಿನ ಬಿಸಿಗೆ ಗಾಳಿಯಲ್ಲಿರೋ ನೈಟ್ರೋಜನ್ನೇ ಉರಿದು ಇದಾಗತ್ತೆ. ಮೂರು, ಸಲ್ಫರ್ ಡೈಆಕ್ಸೈಡ್. ಇದ್ರಲ್ಲಿ ಒಂದು ಸ್ವಾರಸ್ಯ ಇದೆ. ಕಲ್ಲಿದ್ದಲಿನಲ್ಲಿರೋ ಗಂಧಕವನ್ನ ಗೂಡೊಳಗಿನ ಸುಣ್ಣವೇ ಬಹುಪಾಲು ಹೀರಿಕೊಳ್ಳತ್ತೆ. ಆದ್ರೆ ಕಲ್ಲಿನಲ್ಲೇ ಪೈರೈಟ್ ರೂಪದ ಗಂಧಕ ಇದ್ರೆ ಅದು ಗೂಡಿಗೆ ಹೋಗೋ ಮೊದಲೇ, ಕಲ್ಲಿನ ಪುಡಿ ಬಿಸಿಯಾಗೋ ಹಂತದಲ್ಲೇ ಅನಿಲವಾಗಿ ತಪ್ಪಿಸಿಕೊಳ್ಳತ್ತೆ.

ನಮ್ಮ ದೇಶದ ಮಿತಿ

ಭಾರತದಲ್ಲಿ ಈ ಮಿತಿಗಳು 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯಲ್ಲಿ ಬರತ್ತೆ. 1980ರ ದಶಕದಲ್ಲಿ ದೊಡ್ಡ ಕಾರ್ಖಾನೆಗೆ ದೂಳಿನ ಮಿತಿ ಎಷ್ಟಿತ್ತು ಗೊತ್ತಾ? ಒಂದು ಘನ ಮೀಟರ್ ಹೊಗೆಯಲ್ಲಿ 250 ಮಿಲಿಗ್ರಾಂ. 2014ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಅಧಿಸೂಚನೆ ಹೊರಡಿಸ್ತು, 2016ರ ಮೇನಲ್ಲಿ ಅದನ್ನ ತಿದ್ದಿ ಇನ್ನಷ್ಟು ಸೇರಿಸ್ತು. ಈಗ ದೂಳಿಗೆ 30 ಮಿಲಿಗ್ರಾಂ. 250ರಿಂದ 30. ಇದು ದೊಡ್ಡ ಇಳಿಕೆ, ಒಪ್ಪಿಕೊಳ್ಳಲೇಬೇಕು.

ನಾಕ್ಸ್‌ಗೆ ಬನ್ನಿ. 2014ರ ಅಧಿಸೂಚನೆ ಆದ ಮೇಲೆ ಶುರುವಾದ ಗೂಡಿಗೆ 600. ಅದಕ್ಕಿಂತ ಹಳೇದಾದ್ರೆ ಗೂಡಿನ ವಿನ್ಯಾಸ ನೋಡಿ 800 ಅಥವಾ 1,000.

ಸಲ್ಫರ್ ಡೈಆಕ್ಸೈಡ್‌ಗೆ 100. ಆದ್ರೆ ಕಲ್ಲಿನಲ್ಲಿ ಪೈರೈಟ್ ಗಂಧಕ ಶೇ 0.25 ದಾಟಿದ್ರೆ 700, ಶೇ 0.5 ದಾಟಿದ್ರೆ 1,000. ಅಂದ್ರೆ ಕಲ್ಲು ಕೆಟ್ಟದಿದ್ರೆ ಮಿತಿ ಹತ್ತು ಪಟ್ಟು ಸಡಿಲ.

ಮೂಟೆ ಲೆಕ್ಕ

‘ಮಿಲಿಗ್ರಾಂ ಪ್ರತಿ ಘನ ಮೀಟರ್’ ಅಂದ್ರೆ ಯಾರಿಗೂ ಮನಸ್ಸಿಗೆ ಇಳಿಯಲ್ಲ. ಮೂಟೆಗೆ ಇಳಿಸೋಣ. ಒಂದು ಕೆ.ಜಿ. ಕ್ಲಿಂಕರ್ ಸುಟ್ರೆ ಅಂದಾಜು ಎರಡರಿಂದ ಎರಡೂಕಾಲು ಘನ ಮೀಟರ್ ಹೊಗೆ. ಓಪಿಸಿ ಮೂಟೆಯಲ್ಲಿ ಹೆಚ್ಚೂಕಮ್ಮಿ ಎಲ್ಲಾ ಕ್ಲಿಂಕರ್ರೇ. ಹಾಗಾಗಿ ಮೂಟೆಗೆ ಸುಮಾರು 100 ಘನ ಮೀಟರ್ ಹೊಗೆ ಅಂತ ಇಟ್ಕೊಳ್ಳಿ. ಹಾರುಬೂದಿ ಸೇರಿಸಿದ ಪಿಪಿಸಿ ಮೂಟೆಗೆ ಇದಕ್ಕಿಂತ ಕಮ್ಮಿ. ಇದು ಕೈಲೆಕ್ಕ, ಪ್ರಯೋಗಾಲಯದ ಲೆಕ್ಕ ಅಲ್ಲ. ಆದ್ರೆ ಹೋಲಿಸೋಕೆ ಸಾಕು.

ಮೊದಲು ದೂಳು. ಭಾರತದ 30 ಮಿಲಿಗ್ರಾಂ ಅಂದ್ರೆ ಮೂಟೆಗೆ 3 ಗ್ರಾಂ. ಯುರೋಪಿಯನ್ ಒಕ್ಕೂಟ 2013ರಲ್ಲಿ ಸಿಮೆಂಟ್ ಉದ್ಯಮಕ್ಕೆ ‘ಲಭ್ಯವಿರುವ ಅತ್ಯುತ್ತಮ ತಂತ್ರಜ್ಞಾನದಿಂದ ಸಾಧಿಸಬಹುದಾದ ಮಟ್ಟ’ ಅಂತ ಒಂದು ಪಟ್ಟಿ ಹೊರಡಿಸ್ತು. ಅದ್ರಲ್ಲಿ ಗೂಡಿನ ದೂಳಿಗೆ 10ರಿಂದ 20 ಮಿಲಿಗ್ರಾಂ. ಅಂದ್ರೆ ಹೆಚ್ಚೆಂದ್ರೆ ಮೂಟೆಗೆ 2 ಗ್ರಾಂ. ಜರ್ಮನಿಯಲ್ಲಿ ತ್ಯಾಜ್ಯವನ್ನೂ ಸುಡೋ ಸಿಮೆಂಟ್ ಗೂಡಿಗೆ 10 ಮಿಲಿಗ್ರಾಂ, ಅಂದ್ರೆ 1 ಗ್ರಾಂ. ಚೀನಾದ 2013ರ ರಾಷ್ಟ್ರೀಯ ಮಾನದಂಡದಲ್ಲಿ 30, ಅಂದ್ರೆ ನಮ್ಮಷ್ಟೇ. ವಿಶೇಷ ಪ್ರದೇಶಗಳಿಗೆ 20.

ಈಗ ನಾಕ್ಸ್. ವ್ಯತ್ಯಾಸ ಜೋರಾಗಿ ಕಾಣೋದು ಇಲ್ಲಿ. ಭಾರತದ ಹಳೇ ಗೂಡು, 800 ಲೆಕ್ಕದಲ್ಲಿ ಮೂಟೆಗೆ 80 ಗ್ರಾಂ. ಹೊಸ ಗೂಡು 60 ಗ್ರಾಂ. ಯುರೋಪಿನ ಪಟ್ಟಿಯ ಮೇಲಿನ ತುದಿ 450, ಅಂದ್ರೆ 45 ಗ್ರಾಂ. ಚೀನಾದ 2013ರ ಮಿತಿ 400, ಅಂದ್ರೆ 40 ಗ್ರಾಂ. ಜರ್ಮನಿ 200, ಅಂದ್ರೆ 20 ಗ್ರಾಂ.

ಗಮನಿಸಿ. ದೂಳಿನ ವಿಚಾರದಲ್ಲಿ ನಾವು ಹೆಚ್ಚು ಹಿಂದಿಲ್ಲ. ನಾಕ್ಸ್ ವಿಚಾರದಲ್ಲಿ ನಮ್ಮ ಹಳೇ ಗೂಡಿಗೆ ಜರ್ಮನಿಯ ನಾಲ್ಕು ಪಟ್ಟು ಅವಕಾಶ ಇದೆ. ಅದೂ ಅಲ್ಲದೆ ಚೀನಾ 2024ರಲ್ಲಿ ಸಿಮೆಂಟ್ ಉದ್ಯಮಕ್ಕೆ ‘ಅತಿ ಕಡಿಮೆ ಹೊರಸೂಸುವಿಕೆ’ ಅನ್ನೋ ಗುರಿ ಕೊಟ್ಟು ಇನ್ನೂ ಕೆಳಗೆ ಇಳಿಯೋಕೆ ಹೊರಟಿದೆ.

ನಂಬರ್ ಹೋಲಿಸುವಾಗ ಎಡವೋ ಜಾಗಗಳು

ಇಷ್ಟು ಕೇಳಿದ ಮೇಲೆ ‘ಅವರು ಒಳ್ಳೇವ್ರು, ನಾವು ಕೆಟ್ಟೋರು’ ಅಂತ ಸ್ಟೇಟಸ್ ಹಾಕೋಕೆ ಹೋಗಬೇಡಿ. ಸ್ವಲ್ಪ ತಡೀರಿ.

ಮೊದಲನೇದು, ಅಳತೆಗೋಲೇ ಬೇರೆ ಇರಬಹುದು. ಅಮೆರಿಕದವರು ಘನ ಮೀಟರ್ ಲೆಕ್ಕ ಬಿಟ್ಟು ‘ಒಂದು ಟನ್ ಕ್ಲಿಂಕರ್‌ಗೆ ಎಷ್ಟು ಪೌಂಡ್’ ಅಂತ ಹೇಳ್ತಾರೆ. ಹಳೇ ಗೂಡಿಗೆ ದೂಳು 0.07 ಪೌಂಡ್. ನಮ್ಮ ಲೆಕ್ಕಕ್ಕೆ ತಂದ್ರೆ ಟನ್ನಿಗೆ 35 ಗ್ರಾಂ, ಮೂಟೆಗೆ ಒಂದೂಮುಕ್ಕಾಲು ಗ್ರಾಂ ಹತ್ತಿರ. ನಾಕ್ಸ್‌ಗೆ 1.5 ಪೌಂಡ್, ಮೂಟೆಗೆ ಅಂದಾಜು 37.5 ಗ್ರಾಂ. ಆದ್ರೆ ಈ ನಾಕ್ಸ್ ಮಿತಿ ಇರೋದು 2008ರ ಜೂನ್ ನಂತರ ಕಟ್ಟಿದ ಅಥವಾ ಬದಲಾಯಿಸಿದ ಗೂಡುಗಳಿಗೆ ಮಾತ್ರ. ಅಂದ್ರೆ ‘ಹಳೇದಕ್ಕೆ ರಿಯಾಯಿತಿ’ ಅನ್ನೋ ರೋಗ ನಮ್ಮೊಬ್ಬರದ್ದೇ ಅಲ್ಲ.

ಎರಡನೇದು ಆಮ್ಲಜನಕ. ಇದು ಸ್ವಲ್ಪ ತಾಂತ್ರಿಕ, ಆದ್ರೆ ಮಜಾ ಇದೆ. ಹಾಲಿಗೆ ನೀರು ಬೆರೆಸಿದ್ರೆ ಏನಾಗತ್ತೆ? ತೆಳುವಾಗತ್ತೆ. ಹಾಗೇ ಚಿಮಣಿಗೆ ಹೆಚ್ಚುವರಿ ಗಾಳಿ ಸೇರಿದ್ರೆ ದೂಳಿನ ನಂಬರ್ ಇಳಿಯತ್ತೆ, ದೂಳು ಮಾತ್ರ ಅಷ್ಟೇ ಇರತ್ತೆ. ಅದಕ್ಕೇ ಹೊಗೆಯಲ್ಲಿ ಶೇ 10 ಆಮ್ಲಜನಕ ಇದ್ದಿದ್ರೆ ಎಷ್ಟಾಗ್ತಿತ್ತು ಅಂತ ತಿದ್ದಿ ಹೇಳಬೇಕು. ಯುರೋಪಿನಲ್ಲೂ ಶೇ 10, ನಮ್ಮಲ್ಲೂ ಗೂಡಿನ ಹೊಗೆಗೆ ಶೇ 10. ಒಂದು ಉದಾಹರಣೆ. ಮೀಟರ್ 20 ಮಿಲಿಗ್ರಾಂ ತೋರಿಸ್ತಿದೆ, 30ರ ಒಳಗೇ ಇದೆ, ಖುಷಿ. ಆದ್ರೆ ಹೊಗೆಯಲ್ಲಿ ಆಮ್ಲಜನಕ ಶೇ 16 ಇದೆ. 21ರಿಂದ 10 ಕಳೆದ್ರೆ 11. 21ರಿಂದ 16 ಕಳೆದ್ರೆ 5. 20ನ್ನ 11ರಿಂದ ಗುಣಿಸಿ 5ರಿಂದ ಭಾಗಿಸಿ. 44! ಅಂದ್ರೆ ಮಿತಿ ದಾಟಿದೆ. ಹಾಗಾಗಿ ಯಾವ ವರದಿ ನೋಡಿದ್ರೂ ‘ಆಮ್ಲಜನಕಕ್ಕೆ ತಿದ್ದಿದ ನಂಬರ್ರಾ?’ ಅಂತ ಕೇಳಿ.

ಮೂರನೇದು ಸರಾಸರಿ. ಯುರೋಪಿನ ಪಟ್ಟಿಯಲ್ಲಿ ದಿನದ ಸರಾಸರಿ. ಅಮೆರಿಕದಲ್ಲಿ ಮುಖ್ಯವಾಗಿ 30 ದಿನಗಳ ಸರಾಸರಿ. ದಿನದ 23 ಗಂಟೆ 20 ಮಿಲಿಗ್ರಾಂ, ಒಂದೇ ಒಂದು ಗಂಟೆ 260 ಮಿಲಿಗ್ರಾಂ ಬಂತು ಅಂದ್ಕೊಳ್ಳಿ. ಸರಾಸರಿ ಸರಿಯಾಗಿ 30. ಕಾಗದದ ಮೇಲೆ ಪಾಸ್. ಆದ್ರೆ ಆ ಒಂದು ಗಂಟೆ ಒಣಗಲು ಹಾಕಿದ ಬಟ್ಟೆ ಮೇಲೆ, ತೊಗರಿ ಎಲೆ ಮೇಲೆ ದೂಳು ಕೂತಿರತ್ತೆ. ಇದು ಬರೀ ಕಲ್ಪನೆ ಅಲ್ಲ. ವಿದ್ಯುತ್ ಶಕ್ತಿಯಿಂದ ದೂಳು ಹಿಡಿಯೋ ಇಎಸ್‌ಪಿ ಅನ್ನೋ ಯಂತ್ರ ಇದೆಯಲ್ಲ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿಯಾದ್ರೆ ಸ್ಫೋಟ ಆಗದಿರಲಿ ಅಂತ ಅದು ತಾನಾಗೇ ಬಂದ್ ಆಗತ್ತೆ. ಆಗ ದೂಳು ನೇರ ಹೊರಗೆ. ಬಟ್ಟೆ ಚೀಲದಂಥ ಬ್ಯಾಗ್ ಫಿಲ್ಟರ್‌ನಲ್ಲಿ ಈ ತೊಂದರೆ ಇಲ್ಲ. ಜರ್ಮನಿಯಲ್ಲಿ ದಿನದ ಮಿತಿ ಜತೆ ಅರ್ಧ ಗಂಟೆಯ ಮಿತಿಯೂ ಇರೋದು ಇಂಥ ಏರಿಳಿತ ಹಿಡಿಯೋಕೆ.

ಅವರಿಗೆ ಆಗೋದು ನಮಗ್ಯಾಕೆ ಆಗಲ್ಲ?

ತಂತ್ರಜ್ಞಾನ ಗುಟ್ಟೇನಲ್ಲ. ನಾಕ್ಸ್ ಇಳಿಸೋಕೆ ಬಿಸಿ ಹೊಗೆಗೆ, ಸುಮಾರು 850ರಿಂದ 1,050 ಡಿಗ್ರಿ ಇರೋ ಜಾಗದಲ್ಲಿ, ಅಮೋನಿಯಾ ನೀರು ಅಥವಾ ಯೂರಿಯಾ ದ್ರಾವಣ ಸಿಂಪಡಿಸ್ತಾರೆ. ಹೌದು, ಹೊಲಕ್ಕೆ ಹಾಕೋ ಅದೇ ಯೂರಿಯಾ. ನಾಕ್ಸ್ ಮತ್ತೆ ನೈಟ್ರೋಜನ್ ಆಗಿಬಿಡತ್ತೆ. ಭಾರತದಲ್ಲೂ ಈ ವ್ಯವಸ್ಥೆ ಹಾಕಿರೋ ಕಾರ್ಖಾನೆಗಳಿವೆ. ಇನ್ನೂ ಕೆಳಗೆ, 200ಕ್ಕೆ ಇಳಿಸಬೇಕು ಅಂದ್ರೆ ವೇಗವರ್ಧಕ ಬಳಸೋ ದುಬಾರಿ ವ್ಯವಸ್ಥೆ ಬೇಕಾಗಬಹುದು. ಇಷ್ಟಕ್ಕೂ ಸಿಂಪಡಿಸಿದ್ದು ಜಾಸ್ತಿಯಾದ್ರೆ ಅಮೋನಿಯಾನೇ ಚಿಮಣಿಯಿಂದ ಸೋರತ್ತೆ. ಅದಕ್ಕೇ ಯುರೋಪ್, ಚೀನಾ ಎರಡೂ ಕಡೆ ಅಮೋನಿಯಾ ಸೋರಿಕೆಗೂ ಮಿತಿ ಇದೆ. ನಾಕ್ಸ್ ಮಿತಿ ಬಿಗಿ ಮಾಡಿ ಅಂತ ನಾವು ಕೇಳುವಾಗ ಇದನ್ನೂ ಜತೆಗೇ ಕೇಳಬೇಕು.

ಕಾನೂನಿನ ರಚನೆಯಲ್ಲೂ ವ್ಯತ್ಯಾಸ ಇದೆ. ಯುರೋಪಿನಲ್ಲಿ ‘ತಂತ್ರಜ್ಞಾನದಿಂದ ಎಷ್ಟು ಸಾಧ್ಯ?’ ಅಂತ ಮೊದಲು ನೋಡಿ, ಆಮೇಲೆ ಪ್ರತಿ ಕಾರ್ಖಾನೆಯ ಪರವಾನಗಿಯಲ್ಲಿ ಮಿತಿ ಬರೀತಾರೆ. ಅಲ್ಲೂ ವೆಚ್ಚ ವಿಪರೀತ ಅಂತ ತೋರಿಸಿದ್ರೆ ಸಡಿಲಿಕೆ ಪಡೆಯೋ ದಾರಿ ಇದೆ, ಹಾಗಾಗಿ ಅದು ಸ್ವರ್ಗವೇನಲ್ಲ. ನಮ್ಮಲ್ಲಿ ಕೇಂದ್ರದ ಅಧಿಸೂಚನೆ ಮೇಲಿನ ಗೆರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಸಮ್ಮತಿ ಪತ್ರದಲ್ಲಿ ಅದಕ್ಕಿಂತ ಬಿಗಿ ಷರತ್ತು ಹಾಕಬಹುದು. ಮಿತಿ ಬಿಗಿ ಮಾಡೋಕೆ ದಿಲ್ಲಿಗೇ ಕಾಯಬೇಕಾಗಿಲ್ಲ ಅನ್ನೋದು ಇಲ್ಲಿ ಮುಖ್ಯ.

ಇನ್ನು ದಂಡ. ವಾಯು ಕಾಯ್ದೆಯಲ್ಲಿ ಮೊದಲು ಉಲ್ಲಂಘನೆಗೆ ಜೈಲು ಶಿಕ್ಷೆಯೂ ಇತ್ತು. ಜನ ವಿಶ್ವಾಸ್ ಕಾಯ್ದೆ ಬಂದ ಮೇಲೆ, 2024ರ ಏಪ್ರಿಲ್‌ನಿಂದ, ಬಹುತೇಕ ಉಲ್ಲಂಘನೆಗಳಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ. ಮೂಟೆಗೆ 375 ರೂಪಾಯಿ ಅಂತ ಇಟ್ಕೊಂಡ್ರೆ 15 ಲಕ್ಷ ಅಂದ್ರೆ 4,000 ಮೂಟೆ, 200 ಟನ್. ದಿನಕ್ಕೆ 6,000 ಟನ್ ಮಾಡೋ ಕಾರ್ಖಾನೆಗೆ ಇದು 48 ನಿಮಿಷದ ಮಾಲು. ಕಾರ್ಖಾನೆ ಮುಚ್ಚಿಸೋ ಆದೇಶ ಕೊಡೋ ಅಧಿಕಾರ ಮಂಡಳಿಗೆ ಈಗಲೂ ಇದೆ, ನಿಜ. ಆದ್ರೆ ಸಾವಿರಾರು ಜನರ ಕೆಲಸ ನಿಂತಿರೋ ಕಡೆ ಅದನ್ನ ಬಳಸೋದು ಸುಲಭ ಅಲ್ಲ.

ನಮ್ಮ ಕಸವೂ ಅದೇ ಗೂಡಿಗೆ

ಮೈಸೂರಿನವರಿಗೆ ವಿದ್ಯಾರಣ್ಯಪುರಂ ಸೂಯೇಜ್ ಫಾರ್ಮ್‌ನ ಕಸದ ಗುಡ್ಡ ಗೊತ್ತೇ ಇದೆ. ಮರುಬಳಕೆ ಆಗದ ಪ್ಲಾಸ್ಟಿಕ್, ಚಿಂದಿ ಬಟ್ಟೆ ಇಂಥದ್ದನ್ನ ಗುಂಡಿಗೆ ಹಾಕದೆ ಇಂಧನವಾಗಿ ಸುಡಬೇಕು ಅನ್ನೋದು 2016ರ ಘನತ್ಯಾಜ್ಯ ನಿಯಮಗಳ ದಿಕ್ಕಾಗಿತ್ತು. ಸುಡೋಕೆ ಸೂಕ್ತ ಜಾಗಗಳಲ್ಲಿ ಸಿಮೆಂಟ್ ಗೂಡು ಮುಂದಿದೆ. ಬಿಸಿ ಜಾಸ್ತಿ, ಬೂದಿಯೂ ಸಿಮೆಂಟಿನಲ್ಲೇ ಸೇರಿಹೋಗತ್ತೆ.

ತ್ಯಾಜ್ಯ ಸುಡೋ ಗೂಡುಗಳಿಗೆ 2016ರಲ್ಲಿ ನಾವು ಹಾಕಿಕೊಂಡ ಮಿತಿ ನೋಡಿ. ಪಾದರಸ 0.05 ಮಿಲಿಗ್ರಾಂ, ಹೈಡ್ರೋಜನ್ ಕ್ಲೋರೈಡ್ 10 ಮಿಲಿಗ್ರಾಂ, ಡಯಾಕ್ಸಿನ್ 0.1 ನ್ಯಾನೋಗ್ರಾಂ. ಈ ಮೂರೂ ಯುರೋಪಿನ ನಂಬರ್‌ಗಳೇ. ಆದ್ರೆ ಅದೇ ಯುರೋಪಿನ ನಿಯಮದಲ್ಲಿ ತ್ಯಾಜ್ಯ ಸುಡೋ ಸಿಮೆಂಟ್ ಗೂಡಿಗೆ ನಾಕ್ಸ್ 500 ಅಂತಿದೆ. ಅದು ಮಾತ್ರ ನಮ್ಮ ಕಡೆ ಬರಲಿಲ್ಲ. ಇನ್ನೊಂದು ಮಾತು, ಡಯಾಕ್ಸಿನ್‌ಗೆ ದೂಳಿನ ಹಾಗೆ ಕ್ಷಣಕ್ಷಣದ ಮೀಟರ್ ಇರಲ್ಲ. ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ಯುರೋಪಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ ಎರಡು ಸಲ. ಕಾಗದದಲ್ಲಿ ನಂಬರ್ ಒಂದೇ ಇದ್ರೂ ಎಷ್ಟು ಸಲ ಅಳೀತಾರೆ ಅನ್ನೋದ್ರ ಮೇಲೆ ಅದರ ಬೆಲೆ ನಿಲ್ಲತ್ತೆ.

ಚಿಮಣಿ ಬಿಟ್ಟು ನೆಲ ನೋಡಿ

ಇಷ್ಟೊತ್ತು ಚಿಮಣಿ ಬಗ್ಗೆ ಮಾತಾಡಿದ್ವಿ. ಆದ್ರೆ ಕಾರ್ಖಾನೆ ಪಕ್ಕದ ಊರಿನವರಿಗೆ ದೂಳು ಚಿಮಣಿಯಿಂದ ಮಾತ್ರ ಬರಲ್ಲ. ಕಲ್ಲುಗಣಿಯ ಸ್ಫೋಟ, ಕ್ರಷರ್, ಹೊದಿಕೆ ಇಲ್ಲದ ಲಾರಿ, ಡಾಂಬರು ಕಿತ್ತುಹೋದ ರಸ್ತೆ. ಇದಕ್ಕೆ ‘30 ಮಿಲಿಗ್ರಾಂ’ ಅನ್ವಯಿಸಲ್ಲ. ಇಲ್ಲಿ ನೋಡಬೇಕಾದ್ದು ಉಸಿರಾಡೋ ಗಾಳಿಯ ಮಾನದಂಡ. ಪಿಎಂ 10 ಅನ್ನೋ ಸಣ್ಣ ದೂಳಿಗೆ ನಮ್ಮ ದೇಶದ 2009ರ ಮಿತಿ ವರ್ಷದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಕಲಬುರಗಿ ನಗರ ಪಟ್ಟಿಯಲ್ಲಿದೆ. ಚಿಮಣಿಗಳಿರೋ ವಾಡಿ, ಸೇಡಂ ಇಲ್ಲ. ಯೋಜನೆ ಇರೋದೇ ನಗರಗಳಿಗೆ, ಹಾಗಾಗಿ ಸಣ್ಣ ಊರು ಅದರ ಕಣ್ಣಿಗೆ ಬೀಳಲ್ಲ.

ಹಾಗಾದ್ರೆ ನಾವೇನು ಮಾಡಬಹುದು?

ಮೈಸೂರಿನ ಹಾಸ್ಟೆಲ್‌ಗಳಲ್ಲಿ, ಪಿಜಿಗಳಲ್ಲಿ ಕಲಬುರಗಿ, ಬಾಗಲಕೋಟೆ ಕಡೆಯ ಎಷ್ಟೋ ಜನ ಇದ್ದೀರಿ. ಈ ಭಾಗ ಮುಖ್ಯವಾಗಿ ನಿಮಗೆ.

ಹೊಸ ಕಾರ್ಖಾನೆ ಅಥವಾ ವಿಸ್ತರಣೆಗೆ ಪರಿಸರ ಅನುಮತಿ ಬೇಕಾದಾಗ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೀಬೇಕು. ಪತ್ರಿಕೆಯಲ್ಲಿ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರತ್ತೆ. ವರದಿಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಅಲ್ಲಿ ‘ಮಾಲಿನ್ಯ ಜಾಸ್ತಿ ಆಗತ್ತೆ ಸಾರ್’ ಅಂದ್ರೆ ‘ನಿಯಮದ ಪ್ರಕಾರವೇ ಮಾಡ್ತೀವಿ’ ಅಂತ ಒಂದು ಸಾಲಿನ ಉತ್ತರ ಸಿಗತ್ತೆ. ಅದರ ಬದಲು ಹೀಗೆ ಕೇಳಿ:

- ನಾಕ್ಸ್ ಮಿತಿ 600ರ ಗೂಡಾ, 800ರದ್ದಾ, 1,000ದ್ದಾ?
- ಕಲ್ಲಿನಲ್ಲಿ ಪೈರೈಟ್ ಗಂಧಕ ಶೇಕಡಾ ಎಷ್ಟು? ಅಳೆದವರು ಯಾರು?
- ಕೊಟ್ಟಿರೋ ನಂಬರ್ ಆಮ್ಲಜನಕಕ್ಕೆ ತಿದ್ದಿದ್ದಾ? ಎಷ್ಟು ಹೊತ್ತಿನ ಸರಾಸರಿ?
- ದೂಳು ಹಿಡಿಯೋ ಯಂತ್ರ ಕಳೆದ ವರ್ಷ ಎಷ್ಟು ಸಲ ಬಂದ್ ಆಗಿತ್ತು?
- ತ್ಯಾಜ್ಯ ಸುಡ್ತೀರಾ? ಡಯಾಕ್ಸಿನ್ ವರ್ಷಕ್ಕೆಷ್ಟು ಸಲ ಅಳೀತೀರಿ?

ಇನ್ನೊಂದು ದಾರಿ ನಿಮ್ಮ ಫೋನಿನಲ್ಲೇ ಇದೆ. ಹೆಚ್ಚು ಮಾಲಿನ್ಯ ಮಾಡೋ 17 ಬಗೆಯ ಉದ್ಯಮಗಳಲ್ಲಿ ಸಿಮೆಂಟೂ ಒಂದು. ಚಿಮಣಿಗೆ ಆನ್‌ಲೈನ್ ಮೀಟರ್ ಹಾಕಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಈ ಉದ್ಯಮಗಳಿಗೆ ಹೇಳಿತ್ತು. ಆ ಅಂಕಿಅಂಶ ಜನರಿಗೆ ಕಾಣೋ ಹಾಗೆ ಇರಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳ್ತು. ಸಿಕ್ಕಿದ್ರೆ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಹಾಕಿ ಇಟ್ಕೊಳ್ಳಿ. ಸಿಗದಿದ್ರೆ ಆರ್‌ಟಿಐ ಅರ್ಜಿ ಹಾಕಿ ಸಮ್ಮತಿ ಪತ್ರ ಮತ್ತು ಚಿಮಣಿ ಅಳತೆ ವರದಿ ಕೇಳಿ. ಅರ್ಜಿ ಶುಲ್ಕ ಹತ್ತೇ ರೂಪಾಯಿ.

ಮೈಸೂರಿನಲ್ಲಿ ಮನೆ ಕಟ್ಟಿಸ್ತಿರೋರಿಗೆ ಒಂದು ಮಾತು. ಎಲ್ಲೆಲ್ಲಿ ಪಿಪಿಸಿ ಆಗತ್ತೆ ಅಂತ ನಿಮ್ಮ ಇಂಜಿನಿಯರನ್ನ ಕೇಳಿ. ಕ್ಲಿಂಕರ್ ಕಮ್ಮಿ ಇದ್ದಷ್ಟು ಗೂಡಿನ ಹೊಗೆ ಕಮ್ಮಿ. ಮೂಟೆ ಮೇಲೇ ಯಾವ ಬಗೆ ಅಂತ ಬರೆದಿರತ್ತೆ.

ದೂಳು 250ರಿಂದ 30ಕ್ಕೆ ಇಳಿದಿದ್ದು ತಾನಾಗೇ ಆಗಲಿಲ್ಲ, ನಿಯಮ ತಂದು ಇಳಿಸಿದ್ದು. ನಾಕ್ಸ್ 800ರಲ್ಲೇ ನಿಲ್ಲಬೇಕು ಅಂತೇನಿಲ್ಲ. ನಿಮ್ಮೂರಿನ ಪಕ್ಕ ಸಿಮೆಂಟ್ ಕಾರ್ಖಾನೆ ಇದ್ರೆ, ಅಹವಾಲು ಸಭೆಗೆ ಹೋಗಿದ್ರೆ, ಅಲ್ಲಿ ಏನು ಕೇಳಿದ್ರಿ, ಏನು ಉತ್ತರ ಬಂತು ಅಂತ ವಾಯ್ಸ್ ನೋಟ್ ಕಳಿಸಿ.